ಒಂದು ಲೋಟ ನೀರು ಕುಡಿಯಲಾರದ ಕುಡುಕ

ಹೋದ ಭಾನುವಾರ ಬೆಳಿಗ್ಗೆ ಹೆಬ್ಬಾಳ ಕೆರೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ನನ್ನ ಕೈಗೆ ಕರಪತ್ರ ತುರುಕಿದಳು. ಬಿಳಿ ಟೋಪಿ, ಬಿಳಿ ಟೀ ಶರ್ಟು, ಎದೆಯ ಮೇಲೆ ಇಂಗ್ಲಿಷಿನ ಮೂರು ದೊಡ್ಡಕ್ಷರ. ಅವಳ ಹಿಂದೆ ಅದೇ ವೇಷದ ಒಂದು ದಂಡೇ ಇತ್ತು. "ಅಜ್ಜಿ, ಈ ಕಾಯಿಲೆ ಬಗ್ಗೆ ಕೇಳಿದೀರಾ? ಜನಕ್ಕೆ ಗೊತ್ತಾಗ್ಲಿ ಅಂತ ವಾಕ್ ಮಾಡ್ತಿದೀವಿ" ಅಂದಳು. ಕನ್ನಡಕ ಸರಿಮಾಡಿಕೊಂಡು ಓದಿದೆ. ‘ಚಾಲಕ ನರಕೋಶಗಳ ಪ್ರಗತಿಶೀಲ ಅವನತಿ’ ಎಂದು ಅಚ್ಚಾಗಿತ್ತು. ಬಸ್ಸಿಗೆ ಚಾಲಕ ಇರುವುದು ಗೊತ್ತು. ಅವನತಿಯಲ್ಲಿ ಪ್ರಗತಿ ಹೇಗೆ ಸೇರಿಕೊಂಡಿತೋ ಬರೆದ ಮಹಾನುಭಾವನಿಗೇ ಗೊತ್ತು.

ಅಷ್ಟರಲ್ಲಿ ಆ ಗುಂಪಿನ ಹುಡುಗನೊಬ್ಬ ರಸ್ತೆಯಂಚಿನಲ್ಲಿ ನಾಟಕ ಶುರುಮಾಡಿದ. ರೋಗಿಯ ಪಾತ್ರ. ನಾಲಿಗೆ ತೊದಲಿಸುತ್ತ, ಕಾಲು ಎಳೆಯುತ್ತ ಬಂದ. ನನ್ನ ಪಕ್ಕದಲ್ಲಿ ವಾಕಿಂಗಿಗೆ ಬಂದಿದ್ದ ಇಬ್ಬರು ನಿಂತು ನೋಡಿದರು. "ಬೆಳ್ ಬೆಳಿಗ್ಗೆನೇ ಎಣ್ಣೆ ಹಾಕ್ಕೊಂಡ್ ಬಂದವ್ನಲ್ಲ ಮಗಾ" ಎಂದು ಒಬ್ಬ ನಕ್ಕ. ಇನ್ನೊಬ್ಬನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಕಳೆದಿದೆ, ಕೆರೆಗೆ ಬೇಲಿ ಬಂದಿದೆ, ಆಕಾಶಕ್ಕೆ ಮೇಲ್ಸೇತುವೆ ಬಂದಿದೆ, ಆದರೆ ಈ ಊರಿನ ಬಾಯಿಗೆ ಆ ಒಂದು ಮಾತು ಬಿಟ್ಟರೆ ಬೇರೆ ಬಂದಿಲ್ಲ.

ನಾವು ಗದಗಿನ ಕಡೆಯವರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಗಂಡ ಗುರುನಾಥರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟರ್ನರ್ ಕೆಲಸ ಸಿಕ್ಕಿತು. ಅವರು, ನಾನು, ನಮ್ಮತ್ತೆ, ಮೂವರೂ ಒಂದು ವಠಾರದ ಕೊನೆಯ ಮನೆ ಸೇರಿದೆವು. ಬಂದ ಹೊಸದರಲ್ಲಿ ಅವರಿಗೆ ಒಂದು ಅಚ್ಚರಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಂಡಕಂಡವರೆಲ್ಲ "ಏನ್ ಗುರು", "ಸ್ವಲ್ಪ ಸರೀರಿ ಗುರು" ಅನ್ನುತ್ತಿದ್ದರು. "ಈ ಊರಾಗ ಎಲ್ಲಾರಿಗೂ ನನ್ನ ಹೆಸರ ಹ್ಯಾಂಗ ಗೊತ್ತಾತು ಸರೂ?" ಎಂದು ಒಂದು ದಿನ ನನ್ನನ್ನು ಕೇಳಿದರು. ಬೆಂಗಳೂರಿನಲ್ಲಿ ಎಲ್ಲರೂ ಗುರುವೇ, ಶಿಷ್ಯರು ಯಾರೂ ಇಲ್ಲ ಎಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಅರಳಿಕಟ್ಟೆ, ಕಟ್ಟೆಯ ಮುಂದೆ ಕನ್ನಡ ಸಂಘದ ಕಪ್ಪು ಹಲಗೆ. ಎಲ್ಲರೂ ಅದನ್ನು ಬೋರ್ಡು ಅನ್ನುತ್ತಿದ್ದರು. ಮೇಲೆ ಒಂದು ಒಳ್ಳೆಯ ಮಾತು, ಕೆಳಗೆ ಬೀದಿಯ ಸಮಾಚಾರ: ನಲ್ಲಿಯಲ್ಲಿ ನೀರು ಬರುವ ಹೊತ್ತು, ಸಂಘದ ನಾಟಕ, ಯಾರ ಮನೆಯಲ್ಲಿ ಯಾರು ತೀರಿಕೊಂಡರು. ನನ್ನ ಗಂಡನ ಅಕ್ಷರ ಮುತ್ತಿನಂತಿತ್ತು. ಸಂಘದ ಕಾರ್ಯದರ್ಶಿ ನಂಜುಂಡಯ್ಯನವರು ಯಶವಂತಪುರದ ಹಳೇ ಮನೆತನದವರು, ಅದೇ ಕಾರ್ಖಾನೆಯಲ್ಲಿ ಅವರಿಗೂ ಕೆಲಸ. ಅವರೇ ಒಂದು ದಿನ ಸೀಮೆಸುಣ್ಣದ ಡಬ್ಬಿ ತಂದು ಇವರ ಕೈಗೆ ಕೊಟ್ಟರು. ಅಂದಿನಿಂದ ಮೊದಲನೇ ಶಿಫ್ಟಿಗೆ ಹೋಗುವ ಮುಂಚೆ ಇವರು ಬೋರ್ಡು ಬರೆಯುವುದು ರೂಢಿಯಾಯಿತು. ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ‘ಬರೆದವರು: ಗುರುನಾಥ’ ಎಂದು ಹಾಕುತ್ತಿದ್ದರು. ಈ ಊರಿನಲ್ಲಿ ನಮಗೆ ಮನೆ ಬಾಡಿಗೆಯದು, ಭಾಷೆ ಎರವಲಿನದು. ಆ ಮೂಲೆ ಮಾತ್ರ ಸ್ವಂತದ್ದು.

ಎಂಬತ್ತರ ಚಳಿಗಾಲದಲ್ಲಿ ಅವರ ಮಾತು ಕೆಡಲು ಶುರುವಾಯಿತು. ಶುರುವಾದದ್ದು ಯಾರಿಗೂ ತಿಳಿಯಲಿಲ್ಲ. ‘ಳ’ಕಾರ ಜಾರಿತು, ‘ರ’ಕಾರ ಮೆತ್ತಗಾಯಿತು. ಕಾರ್ಖಾನೆಯ ಗೆಳೆಯರು ನಕ್ಕರು: "ನಿಮ್ ಧಾರವಾಡದ ಕನ್ನಡನೇ ಹಂಗೆ ಬಿಡಿ ಗುರು, ಅರ್ಧ ನುಂಗ್ಬಿಡ್ತೀರ." ಯುಗಾದಿಗೆ ಊರಿಗೆ ಹೋದರೆ ಅಲ್ಲಿಯವರು, "ಬೆಂಗಳೂರಿಗೆ ಹೋಗಿ ನಾಲಿಗಿ ಕೆಡಿಸ್ಕೊಂಡು ಬಂದೀಯಲ್ಲೋ, ಏನ್ ಮಾತಾಡ್ತಿ ತಿಳಿಯಂಗಿಲ್ಲ" ಅಂದರು. ಇಲ್ಲಿಯವರಿಗೆ ಅದು ಅಲ್ಲಿಯ ಕನ್ನಡ, ಅಲ್ಲಿಯವರಿಗೆ ಇದು ಇಲ್ಲಿಯ ಕನ್ನಡ. ಇಬ್ಬರ ನಡುವೆ ಒಬ್ಬ ಮನುಷ್ಯನ ನಾಲಿಗೆ ಸೊರಗುತ್ತಿತ್ತು. ಕನ್ನಡಿಗರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು.

ಆ ವರ್ಷದ ಶ್ರಾವಣದಲ್ಲಿ ಅವರ ಶಿಫ್ಟಿನ ಗೆಳೆಯರೊಬ್ಬರು ಆರ್.ಟಿ. ನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಸಣ್ಣ ಮಳೆ ಹಿಡಿದಿತ್ತು. ಶಾಮಿಯಾನದ ಅಡಿಯಲ್ಲಿ ಎಲೆ ಹಾಕಿದ್ದರು. ನಮ್ಮಲ್ಲಿ ನಾಲ್ಕು ಜನರ ಮುಂದೆ ನೀರು ಕುಡಿಯುವುದೆಂದರೆ ಎತ್ತಿ ಕುಡಿಯುವುದು. ತಲೆ ಹಿಂದಕ್ಕೆ ಮಾಡಿ, ಲೋಟ ಮೇಲೆತ್ತಿ, ತುಟಿಗೆ ತಾಗದಂತೆ ಗಂಟಲಿಗೆ ಹೊಯ್ದುಕೊಳ್ಳಬೇಕು. ಕಚ್ಚಿ ಕುಡಿದರೆ ಎಂಜಲು. ಮಗು ಲೋಟ ಹಿಡಿಯಲು ಕಲಿತ ದಿನದಿಂದ ನಮ್ಮತ್ತೆಯಂಥವರು "ಎತ್ತಿ ಕುಡಿ, ಎತ್ತಿ ಕುಡಿ" ಎಂದು ತಲೆಗೆ ಮೊಟಕಿ ಕಲಿಸಿರುತ್ತಾರೆ. ಒಬ್ಬಟ್ಟಿನ ತುಣುಕು ಗಂಟಲಲ್ಲಿ ನಿಂತಿತೆಂದು ಕಾಣುತ್ತದೆ, ಇವರು ಲೋಟ ತೆಗೆದುಕೊಂಡು ಚಿಕ್ಕಂದಿನಿಂದ ಮಾಡಿದಂತೆಯೇ ತಲೆಯೆತ್ತಿ ನೀರು ಹೊಯ್ದುಕೊಂಡರು.

ನೀರು ಉಸಿರಿನ ದಾರಿ ಹಿಡಿಯಿತು. ಕೆಮ್ಮು ಕಿತ್ತುಕೊಂಡು ಬಂತು. ಬಾಯಲ್ಲಿದ್ದುದೆಲ್ಲ ಎದುರಿನವರ ಎಲೆಗೆ, ಪಕ್ಕದವರ ಪಂಚೆಗೆ ಸಿಡಿಯಿತು. "ತಪ್ಪಾತ್ರಿ" ಅನ್ನಲು ಹೋದರು, ಬರೀ ಬ್ಯಾಬ್ಯಾ ಎಂಬ ಸದ್ದು ಬಂತು. ಅದರ ಮೇಲೆ ನಕ್ಕುಬಿಟ್ಟರು. ಅದು ನಗುವಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಮುಖ ಮಾತ್ರ ತನ್ನಷ್ಟಕ್ಕೆ ತಾನು ನಗುತ್ತಿತ್ತು. ಅಳು ನಗುಗಳ ಲಗಾಮು ಕೈತಪ್ಪುವುದು ಈ ರೋಗದ ಒಂದು ಲಕ್ಷಣ ಎಂದು ಆಮೇಲೆ ಡಾಕ್ಟರು ಹೇಳಿದರು. ಅಂದು ಯಾರಿಗೆ ಗೊತ್ತಿತ್ತು? "ಶುಭಕಾರ್ಯದ ಮನೇಗೆ ಕುಡ್ಕೊಂಡ್ ಬಂದವ್ರಲ್ಲ, ಮೇಲಿಂದ ನಗು ಬೇರೆ" ಎಂದು ಯಾರೋ ಅಂದರು. ನಂಜುಂಡಯ್ಯನವರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. "ಏಳಿ ಗುರು, ಏಳಿ. ಹೆಂಗಸ್ರು ಮಕ್ಳು ಇದಾರೆ. ಮರ್ಯಾದೆ ಇರ್ಲಿ." ಹೆಂಗಸರ ಸಾಲಿನಿಂದ ನಾನು ಎದ್ದು ಓಡಿ ಬರುವಷ್ಟರಲ್ಲಿ ಇವರು ಮಳೆಯಲ್ಲಿ ಗೇಟಿನ ಹೊರಗೆ ನಿಂತಿದ್ದರು. ನೀರು ಕುಡಿದು ಕುಡುಕ ಅನಿಸಿಕೊಂಡವರು ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು.

ಹೋಳಿಹುಣ್ಣಿಮೆಗೆ ಓಣಿಯೆಲ್ಲ ಭಂಗಿ ಕುಡಿದರೂ ಒಂದು ಗುಟುಕು ಮುಟ್ಟದವರು ನನ್ನ ಗಂಡ. ಅದನ್ನು ಯಾರಿಗೆಂದು ಹೇಳಲಿ? ಮಾರನೆಯ ದಿನವೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ತಡೆದು ಮುಖದ ಹತ್ತಿರ ಮೂಗು ತಂದು "ಊದು" ಅಂದನಂತೆ. ತುಟಿಗಳು ಸೋತಿದ್ದವು, ಊದಲು ಬರಲಿಲ್ಲ. "ಊದಕ್ಕೂ ಆಗ್ತಿಲ್ಲ ನೋಡ್ರೋ, ಅಷ್ಟು ಏರಿಸವ್ನೆ" ಎಂದು ಅವನು ಉಳಿದವರನ್ನು ಕರೆದು ತೋರಿಸಿದನಂತೆ. ವಾಸನೆ ಇಲ್ಲದಿರುವುದು ಒಬ್ಬನ ಮೂಗಿಗೂ ಹೊಳೆಯಲಿಲ್ಲ. ಆ ವಾರವೇ ಸೀಮೆಸುಣ್ಣದ ಡಬ್ಬಿ ಬೇರೆಯವರ ಕೈಗೆ ಹೋಯಿತು. ಬೋರ್ಡಿನ ಮೂಲೆಯಲ್ಲಿದ್ದ ಹೆಸರು ಅಳಿಸಿಹೋಯಿತು.

ಇನ್ನು ಬೀದಿ ನಲ್ಲಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾನು ಕೊಡ ಇಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು. ಪಕ್ಕದ ಮನೆಯಾಕೆ ಒಳ್ಳೆಯವಳು, ಆದ್ದರಿಂದ ಸಮಾಧಾನ ಮಾಡಲು ಬಂದಳು. "ಮನಸ್ಸಿಗೆ ಹಚ್ಕೋಬೇಡಿ ಸರೋಜಮ್ಮ, ಎಲ್ಲರ ಮನೆ ದೋಸೇನೂ ತೂತೇ. ನಮ್ಮನೆಯವ್ರೂ ಸಂಬಳದ ದಿನ ಸ್ವಲ್ಪ ತಗೋತಾರೆ" ಅಂದಳು. "ನಮ್ಮ ಮನ್ಯಾಗ ದ್ವಾಸೀನ ಹಾಕಿಲ್ರೀ, ತೂತ ಎಲ್ಲಿಂದ ಬರಬೇಕು" ಎಂದು ಕೊಡ ಎತ್ತಿಕೊಂಡು ಬಂದೆ. ಬೈದವರನ್ನಾದರೂ ತಿರುಗಿ ಬೈಯಬಹುದು. ಹೀಗೆ ಸಂತಾಪ ತೋರುವವರನ್ನು ಏನು ಮಾಡಬೇಕು?

ಎಲ್ಲಕ್ಕಿಂತ ಹೆಚ್ಚು ನೋವಾದದ್ದು ನಮ್ಮತ್ತೆಯಿಂದ. ಹೆತ್ತ ತಾಯಿಯೇ ಅನುಮಾನಪಟ್ಟರು. ಕುಡಿತ ಬಿಡಿಸುವವನೊಬ್ಬ ಹೆಸರಘಟ್ಟದ ಆಚೆ ಇದ್ದಾನೆಂದು ಯಾರೋ ಹೇಳಿದ್ದೇ ಸಾಕು, ಮಗನನ್ನು ಕರೆದುಕೊಂಡು ಹೊರಟರು. ಅವನು ಯಾವುದೋ ಕಹಿ ಕಷಾಯ ಕೊಟ್ಟ, ತಲೆಯೆತ್ತಿಸಿ ಗಂಟಲಿಗೆ ಹೊಯ್ದ. ದಾರಿಯುದ್ದಕ್ಕೂ ಇವರು ಕೆಮ್ಮಿ ಕೆಮ್ಮಿ ನೀಲಿಯಾದರು. ಮನೆಗೆ ಬಂದ ಮೇಲೆ ಅತ್ತೆ, "ದೇವರ ಮ್ಯಾಲ ಆಣಿ ಮಾಡು, ಇನ್ನ ಮುಟ್ಟಂಗಿಲ್ಲಂತ" ಎಂದು ಕುಂಕುಮದ ಬಟ್ಟಲು ಮುಂದಿಟ್ಟರು. ಮುಟ್ಟಿದ್ದೇ ಇಲ್ಲವೆಂದು ಹೇಳಲು ಅವರ ನಾಲಿಗೆ ತಿರುಗಲಿಲ್ಲ. ಸುಮ್ಮನೆ ಬಟ್ಟಲು ಮುಟ್ಟಿ ಆಣೆ ಮಾಡಿದರು. ಮಾಡದ ತಪ್ಪಿಗೆ ಆಣೆ ಮಾಡಿದ ಆ ಕೈ ಅಷ್ಟು ಹೊತ್ತಿಗೇ ಬಡಕಲಾಗಿತ್ತು, ಹೆಬ್ಬೆರಳಿನ ಬುಡದ ಮಾಂಸ ಕುಸಿದು ಗುಳಿ ಬಿದ್ದಿತ್ತು. ಅದನ್ನು ಕಂಡ ದಿನ ನಾನು ಯಾರನ್ನೂ ಕೇಳಲಿಲ್ಲ. ಊರಿನ ಇನ್ನೊಂದು ತುದಿಯ ದೊಡ್ಡಾಸ್ಪತ್ರೆಗೆ ಅವರನ್ನೂ ಅತ್ತೆಯನ್ನೂ ಹೊರಡಿಸಿಕೊಂಡು ಹೋದೆ.

ನವರಾತ್ರಿಯ ದಿನಗಳು. ಡಾಕ್ಟರು ಇನ್ನೂ ಚಿಕ್ಕವರು. ಬಾಯಿ ತೆರೆಸಿ ದೀಪ ಹಿಡಿದು ಬಹಳ ಹೊತ್ತು ನೋಡಿದರು. ನಾಲಿಗೆ ಸುಮ್ಮನಿದ್ದರೂ ಅದರ ಮೇಲ್ಮೈ ಒಳಗೊಳಗೇ ಮಿಡಿಯುತ್ತಿತ್ತು. ಮತ್ತೆ ಒಂದಿಷ್ಟು ದಿನ ಓಡಾಡಿಸಿ, ಸೂಜಿ ಚುಚ್ಚಿ ಯಂತ್ರಕ್ಕೆ ಹಚ್ಚಿ ನೋಡಿ, ಕೊನೆಗೆ ಕೂರಿಸಿ ಹೇಳಿದರು. ಮೈಯನ್ನು ಆಡಿಸುವ ನರಗಳು ಒಂದೊಂದಾಗಿ ಸೊರಗುತ್ತವೆ. ನಾಲಿಗೆ, ಗಂಟಲು, ಕೈ, ಕಾಲು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ, ಎಲ್ಲವೂ ತಿಳಿಯುತ್ತಿರುತ್ತದೆ. ಔಷಧಿ ಇಲ್ಲ. ಯಾರಿಗೂ ಅಂಟುವುದಿಲ್ಲ. "ಇದಕ್ಕ ಕನ್ನಡದಾಗ ಏನಂತಾರ್ರೀ ಡಾಕ್ಟ್ರ?" ಎಂದು ಕೇಳಿದೆ. ಅವರು ಇಂಗ್ಲಿಷಿನ ಹೆಸರು ಹೇಳಿ, "ಕನ್ನಡದಲ್ಲಿ ಹೆಸರಿಲ್ಲಮ್ಮ" ಅಂದರು. ಹೆಸರಿಲ್ಲದೆ ಇರುತ್ತದೆಯೇ? ಊರೇ ಸೇರಿ ಇಟ್ಟಿತ್ತಲ್ಲ, ಕುಡಿತ ಎಂದು.

ಹೊರಡುವಾಗ ಡಾಕ್ಟರು ಒಂದು ಲೋಟ ನೀರು ತರಿಸಿ ಇವರ ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ ಕುಡಿಸಿ ತೋರಿಸಿದರು. "ತಲೆ ಎತ್ತಿಸ್ಬೇಡಿ, ಗದ್ದ ಕೆಳಗೆ ಮಾಡಿ ಸ್ವಲ್ಪ ಸ್ವಲ್ಪ ಕೊಡಿ. ನೀರಿಗಿಂತ ಗಂಜಿ ಥರ ಗಟ್ಟಿ ಇರೋದು ವಾಸಿ" ಅಂದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತ ಒಂದೇ ಸಮನೆ ಅಳುತ್ತಿದ್ದರು. ಇವರು ನನ್ನ ಕಿವಿಯ ಹತ್ತಿರ ಬಾಯಿ ತಂದು, ಒಂದೊಂದೇ ಪದ ಕೂಡಿಸಿ ಹೇಳಿದರು: "ಸಾಯಾಕ ಅಂಜಿಕಿಲ್ಲ ಸರೂ. ಕುಡುಕ ಅನಿಸ್ಕೊಂಡು ಸಾಯೂದು ಬ್ಯಾಡ." ಅವರ ಬಾಯಿಂದ ನಾನು ಪೂರ್ತಿಯಾಗಿ ಕೇಳಿದ ಕೊನೆಯ ಮಾತು ಅದು. ಅಂದಿನಿಂದ ನನಗೆ ಅದೊಂದೇ ಕೆಲಸ.

ಮನೆಗೆ ಬಂದ ಅತ್ತೆ ಸೀದಾ ಅಡುಗೆಮನೆಗೆ ಹೋಗಿ ತೆಳ್ಳಗೆ ಗಂಜಿ ಕಾಯಿಸಿದರು, ಇನ್ನೊಂದಿಷ್ಟು ಹಿಟ್ಟು ಹಾಕಿ ಗಟ್ಟಿ ಮಾಡಿದರು. ಮಗನ ಪಕ್ಕ ಕೂತು ತಮ್ಮ ಕೈಯಿಂದಲೇ ಅವನ ಗದ್ದ ಬಗ್ಗಿಸಿ, ಲೋಟದ ಅಂಚನ್ನು ತುಟಿಗೆ ಒತ್ತಿದರು. "ಕಚ್ಚಿ ಕುಡಿ ನನ್ನಪ್ಪಾ. ಕಚ್ಚಿ ಕುಡಿ" ಅಂದರು. ಜೀವಮಾನವಿಡೀ ಎಂಜಲು, ಮಡಿ ಎಂದು ಹಾರಾಡಿದ ಹೆಂಗಸು. ಅವರ ಮೇಲೆ ನನಗಿದ್ದ ಸಿಟ್ಟು ಆ ಸಂಜೆಗೇ ಮುಗಿಯಿತು.

ಊರಿನ ಮೇಲಿನ ಸಿಟ್ಟು ಮುಗಿಯಲಿಲ್ಲ. ಡಾಕ್ಟರ ಚೀಟಿ ನೋಡಿ ಕಾರ್ಖಾನೆಯವರು ರಜೆ ಕೊಟ್ಟರು. ಚೀಟಿ ಕಚೇರಿಯೊಳಗೇ ಉಳಿಯಿತು, ಮಾತು ಬೀದಿಯಲ್ಲೇ ಉಳಿಯಿತು. ಮಾರ್ಗಶಿರದ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಇವರ ಹಳೇ ಅಂಗಿಯ ಜೇಬಿನಲ್ಲಿ ಉಳಿದಿದ್ದ ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು ಅರಳಿಕಟ್ಟೆಗೆ ಹೋದೆ. ಬೋರ್ಡಿನ ಮೇಲಿದ್ದ ಸುಭಾಷಿತವನ್ನು ಸೆರಗಿನಿಂದ ಒರೆಸಿದೆ. ನನ್ನ ಅಕ್ಷರ ಕಾಗೆಕಾಲು, ಗುಬ್ಬಿಕಾಲು. ಆದರೂ ಬರೆದೆ: ‘ನಾಲಿಗೆ ತೊದಲುವವರೆಲ್ಲ ಕುಡುಕರಲ್ಲ. ನಮ್ಮ ಮನೆಯವರಿಗೆ ನರ ಸೊರಗುವ ರೋಗ. ಇದಕ್ಕೆ ಔಷಧಿ ಇಲ್ಲ. ಇದು ಅಂಟುವುದಿಲ್ಲ. ಅವರ ಬುದ್ಧಿ ಸರಿಯಾಗಿದೆ. ನೀವು ಆಡುವುದೆಲ್ಲ ಅವರಿಗೆ ಕೇಳಿಸುತ್ತದೆ.’

ಮಧ್ಯಾಹ್ನದೊಳಗೆ ಅದು ಮಾಯವಾಗಿತ್ತು. ಸಂಜೆ ನಂಜುಂಡಯ್ಯನವರು ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡೇ ಮನೆ ಬಾಗಿಲಿಗೆ ಬಂದರು. "ಏನಮ್ಮಾ ಇದು? ಮನೆ ವಿಷ್ಯ ಎಲ್ಲಾ ಬೋರ್ಡ್ ಮೇಲೆ ಬರೀತಾರಾ? ಸಂಘಕ್ಕೆ ಒಂದು ಗೌರವ ಇದೆ ಕಣಮ್ಮ."

"ನನ್ನ ಗಂಡ ಕುಡುಕ ಅನ್ನೂದು ಬೀದಿ ವಿಷಯ ಆಗಿತ್ತಲ್ರೀ? ಕುಡುಕ ಅಲ್ಲ ಅನ್ನೂದು ಹ್ಯಾಂಗ ಮನಿ ವಿಷಯ ಆತು?"

"ನಾವ್ಯಾರೂ ಬೋರ್ಡ್ ಮೇಲೆ ಬರೀಲಿಲ್ಲವಲ್ಲ."

"ಖರೇ. ನೀವು ರಟ್ಟೆ ಹಿಡಿದು ಹೊರಗ ಹಾಕಿದ್ರಿ. ಅದನ್ನ ಓದಾಕ ಯಾರಿಗೂ ಕನ್ನಡಕ ಬೇಕಾಗಲಿಲ್ಲ."

ಅವರು ತಲೆ ತಗ್ಗಿಸಿ ಹೋದರು. ಹೋದರೇ ಹೊರತು ಒಳಗೆ ಬಂದು ಗೆಳೆಯನ ಮುಖ ನೋಡಲಿಲ್ಲ. ಬಾಗಿಲ ಹಿಂದೆ ಚಾಪೆಯ ಮೇಲೆ ಕೂತಿದ್ದ ಗೆಳೆಯನಿಗೆ ಎಲ್ಲವೂ ಕೇಳಿಸಿತ್ತು.

ನಾನು ಮತ್ತೆ ಬರೆದೆ, ಇಂಥವರಿಗೆ ತಲೆಯೆತ್ತಿಸಿ ನೀರು ಕುಡಿಸಬಾರದು ಎಂಬುದನ್ನೂ ಸೇರಿಸಿ ಬರೆದೆ. ಅವರು ಮತ್ತೆ ಒರೆಸಿದರು. ಆ ಚಳಿಗಾಲವೆಲ್ಲ ಇದೇ ನಡೆಯಿತು. ಬರೆದದ್ದರಿಂದ ಆದ ಮೊದಲ ಫಲವೆಂದರೆ ನಲ್ಲಿಯಲ್ಲಿ ನನ್ನ ಕೊಡದ ಪಕ್ಕ ಯಾರೂ ಕೊಡ ಇಡದಾದರು. ಅಂಟುವುದಿಲ್ಲ ಎಂದು ಬರೆದದ್ದೇ ತಪ್ಪಾಯಿತು. ಅಲ್ಲಿಯವರೆಗೆ ಅಂಟಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ! ಜನಕ್ಕೆ ತಿಳಿಸುವುದೆಂದರೆ ಎಷ್ಟು ಕಷ್ಟ ಎಂದು ನನಗೆ ಆಗಲೇ ಗೊತ್ತಾಗಿದೆ, ಟೋಪಿ ಹಾಕಿಕೊಂಡವರು ಬಂದು ಹೇಳಬೇಕಿಲ್ಲ. ಕುಡುಕ ಎಂಬ ಒಂದು ಮಾತು ಒಂದು ಮಧ್ಯಾಹ್ನದಲ್ಲಿ ಆರ್.ಟಿ. ನಗರದಿಂದ ಯಶವಂತಪುರಕ್ಕೆ ನಡೆದು ಬಂದಿತ್ತು. ಅಲ್ಲ ಎಂಬ ಮಾತಿಗೆ ಬೋರ್ಡಿನಿಂದ ನಮ್ಮ ವಠಾರದವರೆಗೆ ಬರಲು ಕಾಲಿರಲಿಲ್ಲ.

ಆದರೆ ಅದು ಬೇರೆ ದಾರಿ ಹಿಡಿದು ಹೋಗಿತ್ತು. ಮಾಕಳಿಯಿಂದ ಸೊಪ್ಪು ಮಾರಲು ಬರುತ್ತಿದ್ದ ಮುನಿಯಮ್ಮ ಒಂದು ದಿನ ಬುಟ್ಟಿ ಇಳಿಸದೆಯೇ ಬಾಗಿಲಲ್ಲಿ ನಿಂತಳು. "ಅವ್ವಾ, ಆ ಬೋಲ್ಡ್‌ನಾಗೆ ಬರ್ದಿರೋದು ನಿಮ್ಮನೇದೇನಾ? ನಂಗೆ ಓದಾಕ್ ಬರಾಕಿಲ್ಲ, ಕಾಪಿ ಅಂಗ್ಡಿಯೋರು ಓದಿ ಏಳುದ್ರು" ಅಂದಳು. ಒಳಗೆ ಕರೆದು ಕೂರಿಸಿದೆ. ಇವರನ್ನು ನೋಡಿದವಳೇ 'ಅಯ್ಯೋ' ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ ತಮ್ಮನೂ ಇಂಗೇ ಆಗವ್ನೆ ಕಣವ್ವ. ಬೆಳಗ್ಗೆ ಚೆಂದಾಗಿರ್ತಾನೆ. ಸಂಜಿಕೆ ಮಾತು ತೊದ್ಲತದೆ, ರೆಪ್ಪೆ ಜೋತ್ ಬೀಳ್ತದೆ. ಕುಡ್ದವ್ನೆ ಅಂತ ನಮ್ಮಪ್ಪ ಕಂಬುಕ್ ಕಟ್ಟಿ ಒಡೆದ. ನಾನೂ ಒಡೆದೆ ಕಣವ್ವ, ಪರ್ಕೆ ತಗಂಡು." ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು ಯಾವುದು, ಎಲ್ಲಿ ಇಳಿಯಬೇಕು, ಯಾವ ಬಾಗಿಲಲ್ಲಿ ನಿಲ್ಲಬೇಕು, ಎಲ್ಲವನ್ನೂ ಅವಳಿಗೆ ಬಾಯಿಪಾಠ ಮಾಡಿಸಿದೆ.

ಶಿವರಾತ್ರಿ ಕಳೆದ ಮೇಲೆ ಅವಳು ತಮ್ಮನನ್ನೇ ಕರೆದುಕೊಂಡು ಬಂದಳು. ಹುಡುಗ ನೆಟ್ಟಗೆ ನಡೆದು ಬಂದ, ನೆಟ್ಟಗೆ ಮಾತಾಡಿದ. ಅವನದು ಇವರ ರೋಗ ಅಲ್ಲವಂತೆ. ನೋಡಲು ಹಾಗೇ ಕಾಣುವ ಬೇರೊಂದಂತೆ. ಅದಕ್ಕೆ ಮಾತ್ರೆ ಇದೆಯಂತೆ. "ಇನ್ನೊಂದಷ್ಟು ದಿನ ತಡ ಆಗಿದ್ರೆ ಉಸ್ರೇ ನಿಂತೋಗ್ತಿತ್ತು ಅಂದ್ರು ಡಾಕುಟ್ರು" ಎಂದು ಮುನಿಯಮ್ಮ ನನ್ನ ಕಾಲಿಗೆ ಬೀಳಲು ಬಂದಳು. ಸಂತೋಷವಾಯಿತೇ ಎಂದು ಕೇಳಬೇಡಿ. ಅವರಿಗೆ ಮಾತ್ರೆ, ನಮಗೆ ಗಂಜಿ. ಯಾವ ದೇವರ ನ್ಯಾಯ ಇದು? ಇವರು ಮಾತ್ರ ಆ ಹುಡುಗನನ್ನೇ ನೋಡುತ್ತಿದ್ದರು. ಹತ್ತಿರ ಕರೆದು ಅವನ ಕೈ ಹಿಡಿದುಕೊಂಡರು. ಅಷ್ಟು ಹೊತ್ತಿಗೆ ಅವರದು ಸ್ಲೇಟಿನ ಮಾತು. ಬಳಪವನ್ನು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು, ಬಹಳ ಹೊತ್ತು ಕಷ್ಟಪಟ್ಟು ಬರೆದರು: ‘ಒಬ್ಬ ಉಳದ.’ ಅದರ ಕೆಳಗೆ ನನಗೆಂದು ಇನ್ನೊಂದು ಪದ: ‘ಬರಿ.’

ಮಾರನೆಯ ಬೆಳಿಗ್ಗೆ ಬರೆದೆ. ಕುಡುಕನೆಂದು ಕಂಬಕ್ಕೆ ಕಟ್ಟಿಸಿಕೊಂಡಿದ್ದ ಮಾಕಳಿಯ ಹುಡುಗನಿಗೆ ಇದ್ದದ್ದು ರೋಗ ಎಂದೂ, ಆಸ್ಪತ್ರೆಗೆ ಹೋಗಿ ಗುಣವಾದನೆಂದೂ, ತೊದಲುವವರನ್ನು ಹೊಡೆಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೂ ಬರೆದೆ. ನಂಜುಂಡಯ್ಯನವರು ಬಂದು ಬೋರ್ಡಿನ ಮುಂದೆ ನಿಂತದ್ದನ್ನು ದೂರದಿಂದ ನೋಡಿದೆ. ಒರೆಸುವ ಬಟ್ಟೆ ಹೆಗಲ ಮೇಲಿತ್ತು. ಒರೆಸಲಿಲ್ಲ. ಕ್ಷಮೆ ಕೇಳಲೂ ಬರಲಿಲ್ಲ. ಒರೆಸದೇ ಇದ್ದುದಕ್ಕೆ ನಾನೇ ಅವರಿಗೆ ಕೈಮುಗಿಯಬೇಕಿತ್ತು ಎಂದು ಬೀದಿಯಲ್ಲಿ ಕೆಲವರು ಅಂದರಂತೆ.

ಬೇಸಿಗೆಯಲ್ಲಿ ಇವರಿಗೆ ಜಕ್ಕೂರು ನೋಡಬೇಕೆನಿಸಿತು. ಮೊದಲೆಲ್ಲ ಭಾನುವಾರ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಪುಟ್ಟ ವಿಮಾನಗಳನ್ನು ತೋರಿಸಲು ಹೋಗುತ್ತಿದ್ದರು. ಆಟೋ ಮಾಡಿ ಕರೆದುಕೊಂಡು ಹೋದೆ. ಕೆರೆಯ ಏರಿಯ ಮೇಲೆ ಕೂತೆವು, ಕತ್ತು ನಿಲ್ಲುತ್ತಿರಲಿಲ್ಲವಾದ್ದರಿಂದ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡಿದ್ದೆ. ವಿಮಾನವೊಂದು ಏರಿತು. ಬಾಯಿಂದ ಜೊಲ್ಲು ಇಳಿಯಿತು, ಒರೆಸಿದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹಿರಿಯರು ನಿಂತು, "ಹಾಡಹಗಲೇ ಇಷ್ಟು ಕುಡಿಯಕ್ಕೆ ಯಾಕಮ್ಮ ಬಿಡ್ತೀಯ?" ಎಂದು ಮರುಗಿದರು. ಅವರಿಗೆ ಏನೆಂದೆನೋ ಈಗ ಬರೆಯಲಾರೆ, ಅಂಥ ಮಾತು ಅದು. ಇವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಎಲ್ಲಿಗೂ ಹೋಗೋಣವೆಂದು ಕೇಳಲಿಲ್ಲ.

ಆಷಾಢ ಬಂತು. ಗಾಳಿ ಹೆಂಚು ಹಾರಿಸುವಂತೆ ಬೀಸುತ್ತಿತ್ತು. ಮನೆಯೊಳಗೆ ಇವರಿಗೆ ಮಾತ್ರ ಗಾಳಿ ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಸಿರು ಮೇಲಿಂದ ಮೇಲೆ ಎಳೆಯಲು ಶುರುವಾದಾಗ ಡಾಕ್ಟರು ಮೊದಲೇ ಹೇಳಿದ್ದ ಹೊತ್ತು ಬಂತೆಂದು ತಿಳಿಯಿತು. ಸುದ್ದಿ ಕೇಳಿ ವಠಾರದವರೆಲ್ಲ ಒಳಗೆ ನುಗ್ಗಿದರು. ವರ್ಷವಿಡೀ ಹೊಸಿಲು ತುಳಿಯದವರು ಸಾವು ನೋಡಲು ಮಾತ್ರ ತಪ್ಪದೆ ಬಂದರು. ನಂಜುಂಡಯ್ಯನವರೂ ಬಾಗಿಲಲ್ಲಿ ನಿಂತಿದ್ದರು. "ಬಾಯಿಗೆ ನೀರ್ ಬಿಡಿ, ಇನ್ನೇನ್ ನೋಡ್ತಿದೀರ" ಎಂದು ಒಬ್ಬರು ಅವಸರಿಸಿದರು. ಮತ್ತೊಬ್ಬರು ದೇವರ ಮುಂದಿದ್ದ ಗಂಗೆಯ ಗಿಂಡಿಯನ್ನು ಎತ್ತಿಕೊಂಡೇ ಬಂದರು. ಇನ್ನೊಬ್ಬರು ಪುಣ್ಯ ಕಟ್ಟಿಕೊಳ್ಳಲು ಇವರ ತಲೆಯನ್ನು ಹಿಂದಕ್ಕೆ ಎತ್ತಿ ಹಿಡಿದರು.

ಇವರಿಗೆ ಎಚ್ಚರವಿತ್ತು. ಕಣ್ಣು ಆ ಗಿಂಡಿಯನ್ನೇ ನೋಡುತ್ತಿತ್ತು. ಸಾವಿಗೆ ಅಂಜದ ಮನುಷ್ಯನ ಕಣ್ಣಲ್ಲಿ ಆ ಒಂದು ಹನಿ ನೀರಿನ ಅಂಜಿಕೆ ಕಂಡೆ. ಅಡ್ಡ ಹೋಗಿ ನನ್ನ ಅಂಗೈಯನ್ನು ಅವರ ಬಾಯಿಯ ಮೇಲೆ ಇಟ್ಟೆ. "ಯಾರೂ ನೀರ ಬಿಡಬ್ಯಾಡ್ರಿ" ಅಂದೆ. ಮನೆ ತುಂಬ ಗುಜುಗುಜು ಎದ್ದಿತು. "ಎಂಥಾ ಹೆಂಗಸಪ್ಪ! ಕಟ್ಕೊಂಡ ಗಂಡನ್ಗೆ ಕೊನೇ ನೀರೂ ಬಿಡಲ್ಲ ಅಂತಾಳಲ್ಲ" ಎಂದು ಒಬ್ಬಳು ಹಣೆ ಬಡಿದುಕೊಂಡಳು. ಅಷ್ಟೂ ಜನ ಬೋರ್ಡು ಓದಿದ್ದವರೇ. ಒಬ್ಬರಿಗೂ ಓದಿದ್ದು ನೆನಪಾಗಲಿಲ್ಲ, ಸಂಪ್ರದಾಯ ಮಾತ್ರ ನೆನಪಿತ್ತು.

ನಮ್ಮತ್ತೆ ಮೂಲೆಯಿಂದ ಎದ್ದು ಬಂದರು. ಆ ಗಂಗೆ ಅವರದೇ, ಕಾಶಿಯಿಂದ ತಮ್ಮ ಕೊನೆಗಾಲಕ್ಕೆಂದು ತರಿಸಿ ಇಟ್ಟುಕೊಂಡದ್ದು. ಗಿಂಡಿಯನ್ನು ಕಸಿದುಕೊಂಡರು. ಅವರು ಎಲ್ಲಿ ಹೊಯ್ದುಬಿಡುತ್ತಾರೋ ಎಂದು ನನ್ನ ಜೀವ ಹಾರಿತು. ಅವರು ಮೊದಲು ಮಗನ ತಲೆಯನ್ನು ಆ ಪುಣ್ಯಾತ್ಮನ ಕೈಯಿಂದ ಬಿಡಿಸಿ, ಗದ್ದವನ್ನು ಮೆಲ್ಲಗೆ ಎದೆಗೆ ಬಗ್ಗಿಸಿದರು. ಸೆರಗಿನ ತುದಿಯನ್ನು ಗಂಗೆಯಲ್ಲಿ ಅದ್ದಿ ಹಿಂಡಿ, ಅದರಿಂದ ತುಟಿ ಒರೆಸಿದರು. ಆಮೇಲೆ ನೆರೆದವರ ಕಡೆ ತಿರುಗಿ ಅಂದರು: "ನನ್ನ ಮಗಗ ನೀರೇ ಇಳೀತಿದ್ದಿಲ್ಲ. ನೀವು ಸೆರೇ ಕುಡದಾನ ಅಂದ್ರಿ. ಹೊರಗ ನಡೀರಿ ಎಲ್ಲಾರೂ."

ಎಲ್ಲರೂ ಹೋದರು. ನಾವಿಬ್ಬರೇ ಅವರ ಪಕ್ಕ ಕೂತೆವು. ಕೆಮ್ಮಲಿಲ್ಲ, ಉಸಿರುಗಟ್ಟಿ ಒದ್ದಾಡಲಿಲ್ಲ. ಸಂಜೆಯ ಶಿಫ್ಟಿನ ಸೈರನ್ ಕೂಗುವ ಮುಂಚೆ ಹೋದರು.

ಬೋರ್ಡಿನ ಮೇಲೆ ನಂಜುಂಡಯ್ಯನವರು ‘ಶ್ರೀ ಗುರುನಾಥ ಅವರು ದೈವಾಧೀನರಾದರು’ ಎಂದು ಬರೆಸಿದ್ದರು. ಏಕೆ ಎಂದು ಬರೆದಿರಲಿಲ್ಲ. ಬರೆಯದಿದ್ದರೆ ಜನ ತಾವೇ ತುಂಬಿಕೊಳ್ಳುತ್ತಾರೆ, ಏನನ್ನು ತುಂಬಿಕೊಳ್ಳುತ್ತಾರೆ ಎಂದು ನನಗೆ ಗೊತ್ತು. ಸೂತಕದ ಮನೆಯ ಹೆಂಗಸು, ಹಣೆ ಬರಿದಾದವಳು, ಬೀದಿಗೆ ಬಂದು ಬೋರ್ಡಿನ ಮುಂದೆ ನಿಂತಳೆಂದು ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಂತರು. ‘ಅವರು’ ಎಂಬುದರ ಮುಂದೆ ಸಿಕ್ಕ ಸಂದಿಯಲ್ಲಿ ‘ನರ ಸೊರಗುವ ರೋಗದಿಂದ’ ಎಂದು ಸೇರಿಸಿ ಮನೆಗೆ ಬಂದೆ. ಆ ಸಂಜೆಯೇ ಮಳೆ ಬಂದು ಎಲ್ಲವನ್ನೂ ತೊಳೆದುಕೊಂಡು ಹೋಯಿತು.

ಇದೆಲ್ಲವನ್ನೂ ಆ ಹುಡುಗಿಗೆ ಹೇಳಲು ಸಮಯವಿರಲಿಲ್ಲ. ನಗುತ್ತಿದ್ದ ಆ ಇಬ್ಬರಿಗೆ ಮೊದಲು ಸರಿಯಾಗಿ ಬೈದೆ. ಅಜ್ಜಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ ಹೋದರು. ಹೋಗಲಿ, ಕುಡುಕಿ ಅನ್ನಲಿಲ್ಲವಲ್ಲ. ಆಮೇಲೆ ಹುಡುಗಿಯ ಹತ್ತಿರ ಪೆನ್ನು ಕೇಳಿದೆ. ಕರಪತ್ರ ತಿರುಗಿಸಿ, ಅವಳ ಬೆನ್ನಿಗೇ ಒತ್ತಿ ಹಿಡಿದು, ಹಿಂದಿನ ಬಿಳಿ ಪುಟದ ಮೇಲೆ ಬರೆದೆ. ಅಕ್ಷರ ಈಗಲೂ ಕಾಗೆಕಾಲೇ. ‘ನಾಲಿಗೆ ತೊದಲುವವರೆಲ್ಲ ಕುಡುಕರಲ್ಲ. ಡಾಕ್ಟರಿಗೆ ತೋರಿಸಿ. ನೀರು ಕೊಡುವಾಗ ತಲೆ ಎತ್ತಿಸಬೇಡಿ. ನೀವು ಆಡುವುದೆಲ್ಲ ಅವರಿಗೆ ಕೇಳಿಸುತ್ತದೆ.’

ಹುಡುಗಿ ತಿರುಗಿ ಓದಿದಳು. ಇನ್ನೊಮ್ಮೆ ಓದಿದಳು. "ಅಜ್ಜಿ, ಇದನ್ನೇ ಪ್ರಿಂಟ್ ಹಾಕಿಸ್ತೀವಿ. ಕೆಳಗೆ ನಿಮ್ಮ ಹೆಸರು ಬರೀರಿ" ಅಂದಳು.

ಕಾಗದ ವಾಪಸು ತೆಗೆದುಕೊಂಡು, ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ಬರೆದುಕೊಟ್ಟೆ: ‘ಬರೆದವರು: ಗುರುನಾಥ.’